ಹೆರಿಗೆಯಾದ ಐದನೇ ರಾತ್ರಿ ಬಿಪಿ 178/112. ಹನ್ನೊಂದು ವಾರವಾಯಿತು, ಇದು ಮುಗಿಯಿತಾ ಇಲ್ವಾ?

ಹನ್ನೊಂದನೇ ವಾರ:

ಮೊದಲ ಮಗು. ಬಸುರಿಯಾಗಿದ್ದಷ್ಟೂ ದಿನ ನನ್ನ ಬಿಪಿ 110/70. ಪ್ರತಿ ತಪಾಸಣೆಯಲ್ಲೂ ನರ್ಸ್ ಪಟ್ಟಿ ಬಿಚ್ಚುತ್ತಾ "ಚಿನ್ನದಂಥ ಬಿಪಿ" ಅನ್ನುತ್ತಿದ್ದರು. 38ನೇ ವಾರದಲ್ಲಿ ಒಂದು ಸಲ ಮಾತ್ರ 134/86 ಬಂತು. ಮೆಟ್ಟಿಲು ಹತ್ತಿ ಬಂದಿದ್ದೀರಲ್ಲ, ಅದಕ್ಕೇ ಅಂದರು. ನಾನು ಲಿಫ್ಟಿನಲ್ಲಿ ಬಂದಿದ್ದೆ. ಆದರೂ ತಲೆಯಾಡಿಸಿದೆ.

39ನೇ ವಾರದಲ್ಲಿ ನೋವು ಶುರುವಾದ ಮೇಲೆ ಮಗುವಿನ ಎದೆಬಡಿತ ಇಳಿಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಆಪರೇಷನ್ ಮಾಡಿದರು. ನಾಲ್ಕನೇ ದಿನ ಮನೆಗೆ ಕಳಿಸಿದರು. ಕೈಗೆ ಕೊಟ್ಟ ಹಾಳೆಯಲ್ಲಿ ಮಗುವಿನ ಬಗ್ಗೆ ಒಂದೂವರೆ ಪುಟ ಇತ್ತು: ಹೊಕ್ಕುಳು, ಹಾಲು, ಲಸಿಕೆ. ನನ್ನ ಬಗ್ಗೆ ಎರಡೇ ಸಾಲು. ಹೊಲಿಗೆ ಒದ್ದೆ ಮಾಡಬೇಡಿ, ಆರು ವಾರ ಬಿಟ್ಟು ಬನ್ನಿ.

ಐದನೇ ದಿನ ಬೆಳಿಗ್ಗೆಯಿಂದಲೇ ತಲೆನೋವು. ಕಣ್ಣಿನ ಹಿಂದೆ ಯಾರೋ ಹೆಬ್ಬೆರಳಿಟ್ಟು ಒತ್ತಿದ ಹಾಗೆ. ನಿದ್ದೆ ಇಲ್ಲ, ಅದಕ್ಕೇ ಅಂದರು ಅಮ್ಮ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿಂದ ಹೀಗಾಗುತ್ತೆ ಅಂದರು ಅತ್ತಿಗೆ, ಅವರಿಗೂ ಆಗಿತ್ತಂತೆ. ಪ್ಯಾರಾಸಿಟಮಾಲ್ ನುಂಗಿದೆ, ಏನೂ ಆಗಲಿಲ್ಲ. ಕಾಲು ಬಸುರಿಯಲ್ಲಿ ಊದಿದ್ದಕ್ಕಿಂತ ಜಾಸ್ತಿ ಊದಿಕೊಂಡಿತ್ತು. ರಾತ್ರಿ ಎರಡು ಗಂಟೆಗೆ ಹಾಲು ಕೊಡುತ್ತಾ ಮಗುವಿನ ಮುಖ ನೋಡುತ್ತಿದ್ದೆ. ಅವಳ ಹಣೆಯ ಮೇಲೆ ಬೆಳಕಿನ ಚುಕ್ಕಿಗಳು ಓಡಾಡುತ್ತಿದ್ದವು. ರೆಪ್ಪೆ ಬಡಿದರೂ ಹೋಗಲಿಲ್ಲ.

ಮಾವನವರ ಬಿಪಿ ಮೆಷಿನ್ ಮನೆಯಲ್ಲಿತ್ತು. ಹಾಕಿಕೊಂಡರೆ 178/112. ಮೆಷಿನ್ ಕೆಟ್ಟಿದೆ ಅಂದುಕೊಂಡೆವು. ಗಂಡನ ಕೈಗೆ ಕಟ್ಟಿದರೆ 122/78. ಮತ್ತೆ ನನಗೆ ಕಟ್ಟಿದರೆ 174/110. ಮೆಷಿನ್ ಕೆಟ್ಟಿರಲಿಲ್ಲ.

ಹೆರಿಗೆಯಾದ ಆಸ್ಪತ್ರೆಗೆ ಫೋನ್ ಮಾಡಿದರೆ ಬೆಳಿಗ್ಗೆ ಓಪಿಡಿಗೆ ಬನ್ನಿ ಅಂದರು. ಗಂಡ ಕಾಯಲಿಲ್ಲ, ಹತ್ತಿರದ ಇನ್ನೊಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಕೌಂಟರಿನಲ್ಲಿ ಕೇಳಿದ ಪ್ರಶ್ನೆ ಇನ್ನೂ ಕಿವಿಯಲ್ಲಿದೆ: "ಗರ್ಭಿಣಿನಾ?" ನಾನು ಅಲ್ಲ ಅಂದೆ. ಸುಳ್ಳೇನಲ್ಲ, ಅಲ್ವಾ? ತಲೆನೋವು ಅಂತ ಬರೆದುಕೊಂಡು ಕುರ್ಚಿ ತೋರಿಸಿದರು. ನಲವತ್ತು ನಿಮಿಷ ಅಲ್ಲೇ ಕೂತಿದ್ದೆ. ದಾಟಿಹೋಗುತ್ತಿದ್ದ ಒಬ್ಬ ನರ್ಸ್ ನಿಂತು ನನ್ನ ಎದೆಯ ಕಡೆ ನೋಡಿದರು. ಹಾಲು ಸೋರಿ ಬಟ್ಟೆ ಒದ್ದೆಯಾಗಿತ್ತು. "ಮಗು ಎಷ್ಟು ದಿನದ್ದು?" ಅಂದರು. ಐದು ಅಂದೆ. ಆಮೇಲೆ ಎಲ್ಲರೂ ಓಡಿದರು.

ಹೆರಿಗೆಯ ನಂತರದ ಪ್ರಿಎಕ್ಲಾಂಪ್ಸಿಯಾ ಅಂದರು, ಬಿಪಿ ಏರಿ ಕಿಡ್ನಿ, ಮಿದುಳಿಗೂ ತೊಂದರೆ ಮಾಡುವ ಕಾಯಿಲೆ. ಆ ಹೆಸರನ್ನೇ ನಾನು ಅದುವರೆಗೆ ಕೇಳಿರಲಿಲ್ಲ. ಮೆಗ್ನೀಸಿಯಂ ಸಲ್ಫೇಟ್ ನರಕ್ಕೆ ಬಿಟ್ಟಾಗ ಮೈಯೊಳಗೆ ಬೆಂಕಿ ಹರಿದ ಹಾಗಾಯಿತು. ಗಂಟೆಗೊಮ್ಮೆ ಮಂಡಿಗೆ ಸುತ್ತಿಗೆಯಿಂದ ತಟ್ಟುತ್ತಿದ್ದರು, ಯಾಕೆ ಅಂತ ಯಾರೂ ಹೇಳಲಿಲ್ಲ. ಒಂದು ಇಡೀ ದಿನ ಮಗು ಹೊರಗೆ, ನಾನು ಒಳಗೆ.

ಈಗ ಹನ್ನೊಂದನೇ ವಾರ. ಬಿಪಿಗೆ ಎರಡು ಬಗೆಯ ಮಾತ್ರೆ ಇತ್ತು. ಲಬೆಟಲಾಲ್ ನಿಲ್ಲಿಸಿದ್ದಾರೆ, ನಿಫೆಡಿಪಿನ್ ಒಂದು ಉಳಿದಿದೆ. ಬೆಳಿಗ್ಗೆ 128/82ರ ಆಸುಪಾಸು ಬರುತ್ತೆ. ಆರನೇ ವಾರದ ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ 1+, ಅಂದರೆ ಸ್ವಲ್ಪ ಸೋರುತ್ತಿದೆ ಅಂತ ಬಂದಿತ್ತು. ಈ ಮಾತ್ರೆ ಯಾವಾಗ ನಿಲ್ಲುತ್ತೆ? ಹಾಲಿನಲ್ಲಿ ಮಗುವಿಗೆ ಹೋಗುತ್ತಾ? ಇನ್ನೊಂದು ಮಗು ಅಂತ ಯೋಚಿಸಿದರೆ ತಪ್ಪಾ?

ಇನ್ನೊಂದು ವಿಷಯ ಇದೆ, ಹೇಳಲು ನಾಚಿಕೆ. ದಿನಕ್ಕೆ ಹತ್ತು ಹನ್ನೆರಡು ಸಲ ಬಿಪಿ ನೋಡಿಕೊಳ್ಳುತ್ತೇನೆ. ಮೊನ್ನೆ ಗಂಡ ಮೆಷಿನ್ ಬಚ್ಚಿಟ್ಟರು. ದೊಡ್ಡ ಜಗಳ ಆಯಿತು. ಎಲ್ಲರೂ ಹೇಳುವುದು ಒಂದೇ: ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು? ಮಗು ಚೆನ್ನಾಗಿದೆ. ನಾನು ಹೇಗಿದ್ದೇನೆ ಅಂತ ಕೇಳುತ್ತಿದ್ದೇನೆ.

ರಾತ್ರಿ ಪಾಳಿ:

ಹೆರಿಗೆ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ನಿಮ್ಮ ವೈದ್ಯರ ಮಾತಿನ ಮೇಲೆ ನನ್ನ ಮಾತು ಬೇಡ. ಆದರೆ ಮಂಡಿ ತಟ್ಟಿದ್ದು ಯಾಕೆ ಅಂತ ಹೇಳದೆ ಬಿಟ್ಟಿದ್ದಾರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಮೆಗ್ನೀಸಿಯಂ ಔಷಧಿ ಫಿಟ್ಸ್ ಬರದ ಹಾಗೆ ಕಾಯುತ್ತದೆ. 2002ರಲ್ಲಿ ಮ್ಯಾಗ್‌ಪೈ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ದರು. ಈ ಔಷಧಿ ಸಿಕ್ಕವರಲ್ಲಿ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಆದರೆ ಮೈಯಲ್ಲಿ ಜಾಸ್ತಿ ಸೇರಿದರೆ ಕಷ್ಟ. ಮೊದಲು ಮಂಡಿಯ ಕುಪ್ಪಳಿಕೆ ನಿಲ್ಲುತ್ತೆ, ಆಮೇಲೆ ಉಸಿರಾಟ ತಗ್ಗುತ್ತೆ. ಮಂಡಿ ಕುಪ್ಪಳಿಸುತ್ತಿದೆ ಅಂದರೆ ನಮಗೆ ಸಮಾಧಾನ. ಮೂತ್ರದ ಚೀಲ ನೋಡುವುದೂ ಅದಕ್ಕೇ, ಔಷಧಿ ಹೊರಹೋಗುವುದು ಕಿಡ್ನಿಯಿಂದ. ಏನಾದರೂ ಜಾಸ್ತಿಯಾದರೆ ಕೊಡಲು ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲೇ ಇಟ್ಟಿರುತ್ತೇವೆ.

ಮಾಸು ಹೊರಬಂದರೆ ಕಾಯಿಲೆಯೂ ಹೊರಬಂತು ಅಂತ ಎಲ್ಲರೂ ತಿಳಿದಿದ್ದಾರೆ. ಹೆಚ್ಚಿನವರಿಗೆ ನಿಜ, ಎಲ್ಲರಿಗೂ ಅಲ್ಲ. ಬಸುರಿಯಲ್ಲಿ ಮೈಯಲ್ಲಿ ಸೇರಿಕೊಂಡ ನೀರು ಹೆರಿಗೆಯಾದ ಮೇಲೆ ರಕ್ತನಾಳಕ್ಕೆ ವಾಪಸ್ ಬರುತ್ತೆ. ಹಾಗಾಗಿ ಬಿಪಿ ಅತಿ ಹೆಚ್ಚು ಏರುವುದು ಮೂರರಿಂದ ಆರನೇ ದಿನದೊಳಗೆ. ಅಷ್ಟರಲ್ಲಿ ನಾವು ಅವರನ್ನು ಮನೆಗೆ ಕಳಿಸಿರುತ್ತೇವೆ! ಬಸುರಿಯಲ್ಲಿ ಬಿಪಿ ಸರಿಯಿದ್ದವರಿಗೂ ಬರಬಹುದು. ಆರು ವಾರದವರೆಗೂ ಬರಬಹುದು.

ನಿಮ್ಮ ಅತ್ತಿಗೆ ಹೇಳಿದ ತಲೆನೋವೂ ಇದೆ. ಅದು ಎದ್ದು ಕೂತರೆ ಜಾಸ್ತಿಯಾಗುತ್ತೆ, ಮಲಗಿದರೆ ತಗ್ಗುತ್ತೆ. ಮಲಗಿದರೂ ಬಿಡದ ತಲೆನೋವು, ಕಣ್ಣ ಮುಂದೆ ಮಿಂಚು, ಬಲಗಡೆ ಪಕ್ಕೆಲುಬಿನ ಕೆಳಗೆ ನೋವು, ಮುಖ ಊದುವುದು, ಉಸಿರು ಕಟ್ಟುವುದು – ಇದರಲ್ಲಿ ಯಾವುದಿದ್ದರೂ ಬಿಪಿ ನೋಡಲೇಬೇಕು. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿ ಕಾಲು ಗಂಟೆ ಬಿಟ್ಟು ನೋಡಿದಾಗಲೂ ಹಾಗೇ ಇದ್ದರೆ ಒಂದು ಗಂಟೆಯೊಳಗೆ ಔಷಧಿ ಹೋಗಬೇಕು. ಮಿದುಳಿನಲ್ಲಿ ರಕ್ತಸ್ರಾವ ಆಗುವ ಭಯ ಅದು. ನಿಮ್ಮನ್ನು ನಲವತ್ತು ನಿಮಿಷ ಕುರ್ಚಿಯಲ್ಲಿ ಕೂರಿಸಿದ್ದು ಓದಿ ನನಗೆ ಕೈ ನಡುಗಿತು.

ಮಾತ್ರೆ ವಿಷಯ. ಬಿಪಿ ಸತತವಾಗಿ 130/80ಕ್ಕಿಂತ ಕೆಳಗೆ ಬರತೊಡಗಿದರೆ ವೈದ್ಯರು ಸಾಮಾನ್ಯವಾಗಿ ಇಳಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಹಾಲು ಕೊಡುವವರಿಗೆ ಅಂತಲೇ ಆರಿಸುವ ಮಾತ್ರೆಗಳಲ್ಲಿ ನಿಫೆಡಿಪಿನ್ ಒಂದು, ಹಾಲಿಗೆ ಹೋಗುವುದು ತೀರಾ ಸ್ವಲ್ಪ. ಪ್ರೋಟೀನ್ ಪರೀಕ್ಷೆಯನ್ನು ಮೂರು ತಿಂಗಳಾದಾಗ ಮತ್ತೆ ಮಾಡಿಸಿ, ಬರೀ ಕಡ್ಡಿ ಅದ್ದಿ ನೋಡುವುದಲ್ಲ, ಲ್ಯಾಬಿಗೆ ಕಳಿಸಿ, ಜೊತೆಗೆ ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮಾಡಿಸಿ. ಆಗಲೂ ಇದ್ದರೆ ಕಿಡ್ನಿ ವೈದ್ಯರು ನೋಡಬೇಕು.

ಒಂದು ಪ್ರಶ್ನೆ. ಮಾವನವರ ಮೆಷಿನ್ ಅಂದಿರಿ. ಪಟ್ಟಿ ನಿಮ್ಮ ತೋಳಿಗೆ ಸರಿಯಾಗುತ್ತಾ? ದೊಡ್ಡ ಪಟ್ಟಿ ಕಡಿಮೆ ತೋರಿಸುತ್ತೆ, ಬಿಗಿಯಾದ ಚಿಕ್ಕ ಪಟ್ಟಿ ಜಾಸ್ತಿ ತೋರಿಸುತ್ತೆ.

ಹಳೆ ಬೇರು:

ಸುಮ್ನೆ ಹೆದರಿಸುತ್ತಿದ್ದೀರಿ. ನಮ್ಮ ಅಮ್ಮನಿಗೆ ಐದು ಹೆರಿಗೆ. ಮೆಷಿನ್ ಇರಲಿಲ್ಲ, ನಂಬರ್ ಇರಲಿಲ್ಲ. ಎಂಬತ್ತು ದಾಟಿ ಗಟ್ಟಿಮುಟ್ಟಾಗಿದ್ದಾರೆ. ಈಗಿನವರಿಗೆ ಎಲ್ಲಕ್ಕೂ ಒಂದು ಕಾಯಿಲೆಯ ಹೆಸರು ಬೇಕು.

ರಾತ್ರಿ ಪಾಳಿ:

ನಿಮ್ಮ ಅಮ್ಮ ಚೆನ್ನಾಗಿರಲಿ. ಆದರೆ ಹೆಸರು ಹೊಸತಲ್ಲ ಸ್ವಾಮಿ. ಹಿಂದೆ ಇದನ್ನು ಟಾಕ್ಸೀಮಿಯಾ ಅನ್ನುತ್ತಿದ್ದರು, ನಮ್ಮ ಹಿರಿಯ ಸಿಸ್ಟರುಗಳು ನಂಜು ಅನ್ನುತ್ತಿದ್ದರು. ರಕ್ತದಲ್ಲಿ ಏನೋ ವಿಷ ಸೇರಿದೆ ಅಂತ ನಂಬಿದ್ದರು. ಆ ವಿಷ ಸಿಗಲಿಲ್ಲ, ಹೆಸರು ಬದಲಾಯಿತು. ಕಾಯಿಲೆ ಮೊದಲಿನಿಂದಲೂ ಇತ್ತು. ಉಳಿಯದವರ ಮಕ್ಕಳು ಇಲ್ಲಿ ಬಂದು ನಮ್ಮಮ್ಮ ಗಟ್ಟಿಮುಟ್ಟಾಗಿದ್ದಾರೆ ಅಂತ ಬರೆಯಲು ಆಗುವುದಿಲ್ಲ, ಅಷ್ಟೇ.

ಎರಡನೇ ಸಲ:

ನಾನು ಎರಡು ಸಲ ದಾಟಿ ಬಂದವಳು, ಹಾಗಾಗಿ ಇನ್ನೊಂದು ಮಗುವಿನ ಪ್ರಶ್ನೆ ನನಗಿರಲಿ.

ಮೊದಲನೆಯದು 33ನೇ ವಾರದಲ್ಲೇ ಶುರುವಾಯಿತು. ಮಗು 1 ಕೆಜಿ 600 ಗ್ರಾಂ. ಮೂರು ವಾರ ಅವನು ಗಾಜಿನ ಪೆಟ್ಟಿಗೆಯಲ್ಲಿ. ಇನ್ನೊಂದು ಮಗುವಿನ ಮಾತೆತ್ತಿದವರ ಮೇಲೆ ಹರಿಹಾಯುತ್ತಿದ್ದೆ. ನಾಲ್ಕು ವರ್ಷ ಬಿಟ್ಟು ನಾನೇ ಮಾತೆತ್ತಿದೆ.

ವೈದ್ಯರು ನೇರವಾಗಿ ಲೆಕ್ಕ ಹೇಳಿದರು. ಒಟ್ಟಾರೆ ನೋಡಿದರೆ ಸುಮಾರು ಆರು ಜನರಲ್ಲಿ ಒಬ್ಬರಿಗೆ ಮತ್ತೆ ಬರುತ್ತೆ. ನನ್ನ ಹಾಗೆ 34 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದವರಿಗೆ ಮೂವರಲ್ಲಿ ಒಬ್ಬರಿಗೆ. ನಿಮ್ಮದು ತುಂಬಿದ ತಿಂಗಳು ಕಳೆದು ಬಂದದ್ದು, ಹಾಗಾಗಿ ನಿಮ್ಮ ಲೆಕ್ಕ ಬೇರೆ, ಕೇಳಿ ತಿಳಿದುಕೊಳ್ಳಿ.

12ನೇ ವಾರದಿಂದ ರಾತ್ರಿ ಮಲಗುವಾಗ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು, 36ನೇ ವಾರದವರೆಗೆ. 2017ರಲ್ಲಿ ಬಂದ ಆಸ್ಪ್ರೇ ಎಂಬ ಪ್ರಯೋಗದಲ್ಲಿ ಇದೇ ಪ್ರಮಾಣ ಕೊಟ್ಟಿದ್ದರಂತೆ. 37 ವಾರಕ್ಕೆ ಮೊದಲು ಬರುವ ಬಗೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಯಿತು. ತುಂಬಿದ ತಿಂಗಳಲ್ಲಿ ಬರುವುದಕ್ಕೆ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನು 16 ವಾರದೊಳಗೆ ಶುರು ಮಾಡಿದರೇ ಚೆನ್ನಾಗಿ ಕೆಲಸ ಮಾಡುವುದಂತೆ, ಹಾಗಾಗಿ ಬಸುರಿ ಅಂತ ಗೊತ್ತಾದ ವಾರವೇ ಹೋಗಿ ಹಳೆಯ ಕತೆ ಹೇಳಿ. ಯಾರೂ ಕೇಳುವುದಿಲ್ಲ, ನೀವೇ ಹೇಳಬೇಕು.

ಎರಡನೆಯದು 37 ವಾರದವರೆಗೂ ನಿಂತಿತು. ಆದರೆ ಹೆರಿಗೆಯಾದ ಐದನೇ ದಿನ ಮತ್ತೆ ಬಿಪಿ ಏರಿತು, 156/100. ಈ ಸಲ ಯಾರಿಗೂ ಆಶ್ಚರ್ಯ ಆಗಲಿಲ್ಲ. ಮಾತ್ರೆ ಮೊದಲೇ ಬರೆದಿಟ್ಟಿದ್ದರು, ಫೋನ್ ನಂಬರ್ ಗೋಡೆಯ ಮೇಲಿತ್ತು. ಬಿಪಿ ಅದೇ, ಆ ರಾತ್ರಿ ಬೇರೆ.

ನಿಮ್ಮ ಸಿಟ್ಟಿನ ಬಗ್ಗೆ. ಆ ರಾತ್ರಿಯನ್ನು ಗಂಟೆ ಗಂಟೆಗೆ ಬರೆದಿಡಿ. ಎಷ್ಟು ಗಂಟೆಗೆ ಫೋನ್, ಯಾರು ಏನಂದರು, ಎಷ್ಟು ಬಿಪಿ. ನಾನು ಬರೆದುಕೊಂಡು ಹೋಗಿ ಆಸ್ಪತ್ರೆಯವರ ಎದುರು ಕೂತು ನನ್ನ ಫೈಲು ತೆಗೆಸಿ ಓದಿಸಿದೆ. ಕ್ಷಮೆ ಕೇಳಲಿಲ್ಲ. ಆದರೆ ಎಲ್ಲಿ ತಪ್ಪಿತು ಅಂತ ಗೊತ್ತಾದ ಮೇಲೆ ನನ್ನ ಮೈಯನ್ನು ನಾನು ಬೈಯುವುದು ನಿಂತಿತು.

ಮಗಳ ಅಪ್ಪ:

ಇಲ್ಲಿ ಗಂಡಸರು ಬರೆಯಬಹುದೋ ಇಲ್ವೋ ಗೊತ್ತಿಲ್ಲ. ನನ್ನ ಹೆಂಡತಿಗೆ ಆರನೇ ದಿನ ಮನೆಯಲ್ಲೇ ಫಿಟ್ಸ್ ಬಂತು. ಬೆಳಿಗ್ಗೆಯಿಂದ ತಲೆನೋವು ಅಂದಿದ್ದಳು. ನಾನು ಲ್ಯಾಪ್‌ಟಾಪ್ ಮುಂದೆ ಕೂತು 'ಸ್ವಲ್ಪ ಮಲಗು' ಅಂದಿದ್ದೆ.

ಯಾರಿಗಾದರೂ ಬೇಕಾಗಬಹುದು ಅಂತ ಬರೆಯುತ್ತೇನೆ. ಮೊದಲು ಮಗುವನ್ನು ಕೈಯಿಂದ ತೆಗೆದುಕೊಳ್ಳಿ. ಅವರನ್ನು ಎಡಮಗ್ಗುಲಿಗೆ ಹೊರಳಿಸಿ. ಹಲ್ಲುಗಳ ನಡುವೆ ಚಮಚ, ಬಟ್ಟೆ ಏನನ್ನೂ ತುರುಕಬೇಡಿ, ನೀರು ಕುಡಿಸಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಆಂಬ್ಯುಲೆನ್ಸಿಗೆ ಫೋನ್ ಮಾಡಿದಾಗ ಮೊದಲ ಮಾತೇ 'ಹೆರಿಗೆಯಾಗಿ ಆರು ದಿನ' ಅಂತಿರಲಿ. ಬರೀ ಫಿಟ್ಸ್ ಅಂದರೆ ಅವರ ಯೋಚನೆ ಬೇರೆ ಕಡೆ ಹೋಗುತ್ತೆ. ಕೌಂಟರಿನಲ್ಲೂ ಅಷ್ಟೇ.

ಅವಳಿಗೆ ಆ ದಿನದ ನೆನಪೇ ಇಲ್ಲ. ನನಗೆ ಇದೆ. ಹಾಗಾಗಿ ಮೆಷಿನ್ ಹಿಡಿದುಕೊಂಡು ಅವಳ ಹಿಂದೆ ಓಡಾಡುತ್ತಿದ್ದವನು ನಾನು! ಕೊನೆಗೆ ಒಪ್ಪಂದ ಮಾಡಿಕೊಂಡೆವು. ದಿನಕ್ಕೆ ಎರಡೇ ಹೊತ್ತು. ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಮಾತಿಲ್ಲ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ ಬರೆದಿಡುವುದು. ತಲೆನೋವೋ ಕಣ್ಣು ಮಂಜೋ ಬಂದರೆ ಮಾತ್ರ ಮೂರನೇ ಹೊತ್ತು. ನಿಮ್ಮ ಯಜಮಾನರಿಗೆ ಹೇಳಿ, ಬಚ್ಚಿಡುವುದು ಬೇಡ, ಬರೆದುಕೊಳ್ಳುವ ಕೆಲಸ ಅವರು ಮಾಡಲಿ.

ಹನ್ನೊಂದನೇ ವಾರ:

ಎರಡು ವಾರ ಬಿಟ್ಟು ಬಂದಿದ್ದೇನೆ, ಹೆಸರು ಬದಲಾಯಿಸಬೇಕೇನೋ.

ರಾತ್ರಿ ಪಾಳಿ ಅವರೇ, ಪಟ್ಟಿ ನೋಡಿದೆವು. ಮಾವನವರದು ದಪ್ಪ ತೋಳು, ಅವರಿಗೆ ಅಂತ ತಂದ ದೊಡ್ಡ ಪಟ್ಟಿ. ನನ್ನ ತೋಳಿನ ಮೇಲೆ ಬಳೆಯ ಹಾಗೆ ತಿರುಗುತ್ತೆ. ಅಂದರೆ ಆ ರಾತ್ರಿಯ 178 ನಿಜಕ್ಕೂ ಇನ್ನೂ ಜಾಸ್ತಿ ಇದ್ದಿರಬಹುದು. ಇದು ಗೊತ್ತಾಗದೇ ಇದ್ದರೆ ಚೆನ್ನಾಗಿತ್ತು! ಸರಿಯಾದ ಅಳತೆಯದು ತಂದಿದ್ದೇವೆ.

ಗಂಡ ಈ ಪುಟ ಇಡೀ ಓದಿದರು. ಮಗಳ ಅಪ್ಪ ಬರೆದಿದ್ದನ್ನು ಎರಡು ಸಲ ಓದಿದರು. ಈಗ ಬೆಳಿಗ್ಗೆ ಆರಕ್ಕೆ, ರಾತ್ರಿ ಒಂಬತ್ತಕ್ಕೆ ನೋಡುವುದು, ಬರೆಯುವುದು ಅವರು. ಮಧ್ಯಾಹ್ನ ಕೈ ತುರಿಸುತ್ತೆ. ತಡೆದುಕೊಳ್ಳುತ್ತೇನೆ, ಮೊನ್ನೆ ಗುರುವಾರ ತಡೆದುಕೊಳ್ಳಲಿಲ್ಲ.

ಬಿಪಿ ಪುಸ್ತಕ ಹಿಡಿದು ವೈದ್ಯರ ಹತ್ತಿರ ಹೋದೆ. ಇವರು ಬೇರೆಯವರು. ಮಾತ್ರೆ ಅರ್ಧ ಮಾಡಿದ್ದಾರೆ, ಎರಡು ವಾರ ನೋಡಿ ನಿಲ್ಲಿಸೋಣ ಅಂದರು. ಪ್ರೋಟೀನ್ ಲ್ಯಾಬಿಗೆ ಕಳಿಸಿದರು, ಸರಿಯಿದೆ. ಕ್ರಿಯಾಟಿನಿನ್ ಕೂಡ. ಗರ್ಭ ನಿಲ್ಲದಿರಲು ಮಾತ್ರೆ ಕೇಳಿದೆ. ಈಸ್ಟ್ರೋಜನ್ ಇರುವ ಮಾತ್ರೆ ಬಿಪಿ ಏರಿಸಬಹುದು, ನಿಮಗೆ ಬೇಡ ಅಂದರು. ಕಾಪರ್ ಟಿ ಅಥವಾ ಬರೀ ಪ್ರೊಜೆಸ್ಟರಾನ್ ಇರುವುದು ಆಗಬಹುದಂತೆ. ಯೋಚನೆಗೆ ಸಮಯ ತೆಗೆದುಕೊಂಡೆ.

ಬೇಜಾರಾದ ಮಾತೂ ಒಂದಿತ್ತು. ಇದು ಬಂದವರಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ವರ್ಷಕ್ಕೊಮ್ಮೆ ಬಿಪಿ, ಆಗಾಗ ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಬೇಕಂತೆ. ಅಂದರೆ 'ಮುಗಿಯಿತಾ' ಅಂತ ನಾನು ಕೇಳಿದ್ದಕ್ಕೆ ಉತ್ತರ, ಪೂರ್ತಿ ಅಲ್ಲ. ಮನೆಗೆ ಬಂದು ಅತ್ತೆ. ಆಮೇಲೆ ನೋಡಿದರೆ, ಒಳ್ಳೆಯದೇ ಆಯಿತು ಅನಿಸಿತು, ಗೊತ್ತಿಲ್ಲದೆ ಐವತ್ತಕ್ಕೆ ಬೀಳುವುದಕ್ಕಿಂತ. ಇದು ಹಗಲಿನ ಯೋಚನೆ. ರಾತ್ರಿ ಎರಡು ಗಂಟೆಗೆ ಹಾಲು ಕೊಡುವಾಗ ಹಾಗೆ ಅನಿಸುವುದಿಲ್ಲ.

ಅದನ್ನೂ ಹೇಳಿದೆ. ಹತ್ತು ಪ್ರಶ್ನೆಯ ಒಂದು ಹಾಳೆ ಕೊಟ್ಟರು, ಬಾಣಂತಿಯ ಮನಸ್ಸು ಹೇಗಿದೆ ಅಂತ ನೋಡುವ ಎಡಿನ್‌ಬರೋ ಪ್ರಶ್ನಾವಳಿ ಅಂತ. ಕಳೆದ ಏಳು ದಿನ ಹೇಗಿದ್ದಿರಿ ಅಂತ ಗುರುತು ಹಾಕುವುದು. 'ಕಾರಣವಿಲ್ಲದೆ ಭಯವಾಯಿತೇ' ಅನ್ನುವ ಹಾಗೆ ಒಂದು ಪ್ರಶ್ನೆ ಇದೆ. ಕಾರಣ ಇತ್ತಲ್ಲ, ಏನು ಹಾಕಲಿ ಅಂತ ಕೇಳಿದೆ. ವೈದ್ಯರು ನಕ್ಕರು, ನಾನೂ ನಕ್ಕೆ. ಒಟ್ಟು 14 ಬಂತು, ಅದು ಜಾಸ್ತಿಯೇ ಅಂತೆ. ಮಾತಾಡಲು ಒಬ್ಬರ ಹತ್ತಿರ ಕಳಿಸಿದ್ದಾರೆ, ಮಂಗಳವಾರ ಮೊದಲ ಸಲ.

ಆ ರಾತ್ರಿಯನ್ನು ಬರೆಯತೊಡಗಿದ್ದೇನೆ. ಕುರ್ಚಿಯವರೆಗೆ ಬಂದು ನಿಂತಿದೆ.

ಅಂದ ಹಾಗೆ ಎರಡನೇ ಸಲ ಅವರೇ, ಆ 37ನೇ ವಾರದ ಮಗು ಈಗ ಎಷ್ಟು ದೊಡ್ಡದು?

ಎರಡನೇ ಸಲ:

ಮೂರು ವರ್ಷ. ಹಳೆಯ ಬಿಪಿ ಪಟ್ಟಿ ಅವಳ ಆಟದ ಸಾಮಾನು. ಗೊಂಬೆಯ ಕೈಗೆ ಸುತ್ತಿ 'ಮಾತಾಡಬೇಡ, ಕೂತ್ಕೊ' ಅಂತ ಗದರಿಸುತ್ತಾಳೆ. ನನ್ನದು ನಿನ್ನೆ 126/80.

ಕುರ್ಚಿಯ ಭಾಗ ನಿಧಾನಕ್ಕೆ ಬರೆಯಿರಿ. ನನಗೂ ಅಲ್ಲೇ ತಡವಾಗಿತ್ತು.